ಜಿಐ ಎಂದರೆ ಸಾಕೆ? ತಗಡಿನ ಆಯುಷ್ಯ ನಿರ್ಧರಿಸುವುದು ಬಿಲ್ಲಿನಲ್ಲಿ ಕಾಣದ ಸತು

ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲ್ವಣದಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತ ರಾಜಕೋಟ್ ಕೋಟೆಯಲ್ಲಿ 35 ಅಡಿ ಎತ್ತರದ ಛತ್ರಪತಿ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ರಂದು ಅನಾವರಣಗೊಂಡಿತ್ತು. 2024ರ ಆಗಸ್ಟ್ 26ರಂದು ಅದು ಕುಸಿದುಬಿತ್ತು. ನಡುವೆ ಒಂಬತ್ತು ತಿಂಗಳು ಕೂಡ ಪೂರ್ತಿಯಾಗಿರಲಿಲ್ಲ. ಕುಸಿತಕ್ಕೆ ಕೆಲವೇ ದಿನ ಮೊದಲು ಲೋಕೋಪಯೋಗಿ ಇಲಾಖೆಯ ಅಧಿಕಾರಿಗಳು ನೌಕಾಪಡೆಗೆ ಪತ್ರ ಬರೆದು, ಸಮುದ್ರದ ಗಾಳಿ ಮತ್ತು ಮಳೆಯಿಂದ ಪ್ರತಿಮೆಯ ನಟ್ಟು-ಬೋಲ್ಟುಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಎಚ್ಚರಿಸಿದ್ದರು. ಸ್ಟೇನ್‌ಲೆಸ್ ಸ್ಟೀಲ್ ಬಳಸಿದ್ದರೆ ಪ್ರತಿಮೆ ಬೀಳುತ್ತಿರಲಿಲ್ಲ ಎಂದು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಆಗ ಹೇಳಿದ್ದರು.

ಆ ಪ್ರಕರಣದಲ್ಲಿ ವಿನ್ಯಾಸ, ವೆಲ್ಡಿಂಗ್, ನಿರ್ವಹಣೆ ಎಲ್ಲದರ ಬಗ್ಗೆಯೂ ಪ್ರಶ್ನೆಗಳು ಎದ್ದವು. ಆದರೆ ಕಡಲ ತೀರದಲ್ಲಿ ಕಬ್ಬಿಣಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಪ್ರತಿಮೆಗಷ್ಟೇ ಸೀಮಿತವಲ್ಲ. ಮಾಲ್ವಣದಲ್ಲಿ ಬೀಸುವ ಉಪ್ಪುಗಾಳಿಯೇ ಕಾರವಾರ, ಕುಂದಾಪುರ, ಮಂಗಳೂರಿನ ಮನೆಗಳ ಮೇಲಿನ ಶೀಟುಗಳ ಮೇಲೂ, ಮುಂಬಯಿಯ ಚಾಳುಗಳ ಪತ್ರಾಗಳ ಮೇಲೂ, ಚೆನ್ನೈ ತೀರದ ಕಾರ್ಖಾನೆ ಶೆಡ್ಡುಗಳ ಮೇಲೂ ಬೀಸುತ್ತದೆ. ಎಲ್ಲೆಡೆ ಜನ ನೆಚ್ಚಿಕೊಂಡಿರುವುದು ‘ಜಿಐ’ ಎಂಬ ಎರಡಕ್ಷರವನ್ನು. ಗ್ಯಾಲ್ವನೈಸ್ಡ್ ಐರನ್, ಅಂದರೆ ಸತುವಿನ ಲೇಪನವಿರುವ ಕಬ್ಬಿಣ ಅಥವಾ ಉಕ್ಕು. ‘ಜಿಐ ಹಾಕಿಸಿದ್ದೇವೆ, ತುಕ್ಕು ಹಿಡಿಯುವುದಿಲ್ಲ’ ಎಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ ನಿಂತಿರುವುದು, ಎಷ್ಟು ಸತು ಹಚ್ಚಲಾಗಿದೆ ಎಂಬುದರ ಮೇಲೆ. ಕೊಳ್ಳುವವರಲ್ಲಿ ಹೆಚ್ಚಿನವರು ಕೇಳದೇ ಇರುವ ಪ್ರಶ್ನೆಯೂ ಅದೇ.

ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ

ತುಕ್ಕು ಸಣ್ಣ ವಿಷಯವಲ್ಲ. ತುಕ್ಕು ತಡೆ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆ ನೇಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲೋಹಗಳ ಸವೆತದಿಂದ ಜಗತ್ತಿಗೆ ಆಗುವ ವಾರ್ಷಿಕ ನಷ್ಟ ಸುಮಾರು 2.5 ಲಕ್ಷ ಕೋಟಿ ಡಾಲರ್. ಇದು ಜಾಗತಿಕ ಒಟ್ಟು ಉತ್ಪನ್ನದ ಶೇ 3.4ರಷ್ಟು. ಈಗಾಗಲೇ ಗೊತ್ತಿರುವ ವಿಧಾನಗಳನ್ನು ಸರಿಯಾಗಿ ಬಳಸಿದರೆ ಸಾಕು, ಈ ನಷ್ಟದಲ್ಲಿ ಶೇ 15ರಿಂದ 35ರಷ್ಟನ್ನು ಉಳಿಸಬಹುದು ಎಂದೂ ಆ ಅಧ್ಯಯನ ಹೇಳಿತ್ತು. ಆ ವಿಧಾನಗಳಲ್ಲಿ ಹಳೆಯದೂ ಸರಳವೂ ಆದದ್ದು ಸತು ಲೇಪನ. ಫ್ರಾನ್ಸಿನ ಎಂಜಿನಿಯರ್ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ.

ವಿಧಾನದಲ್ಲಿ ಗುಟ್ಟೇನೂ ಇಲ್ಲ. ಉಕ್ಕಿನ ಜಿಡ್ಡು ತೆಗೆದು, ಆಮ್ಲದಲ್ಲಿ ಅದ್ದಿ ತುಕ್ಕು ಕಳೆದು, ತೊಳೆದು, ಲವಣದ ದ್ರಾವಣದಲ್ಲಿ ಹಾಯಿಸಿ, ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುವ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ಸತು ಬಣ್ಣದಂತೆ ಮೇಲೆ ಅಂಟಿಕೊಳ್ಳುವುದಲ್ಲ. ಉಕ್ಕಿನೊಂದಿಗೆ ಬೆರೆತು ಮಿಶ್ರಲೋಹದ ಪದರಗಳಾಗಿ ಕೂಡಿಕೊಳ್ಳುತ್ತದೆ. ಹಾಗಾಗಿಯೇ ಅದು ಬಣ್ಣದಂತೆ ಸಿಪ್ಪೆ ಎದ್ದು ಹೋಗುವುದಿಲ್ಲ.

ಈ ಲೇಪನ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ನೀರು ಮತ್ತು ಗಾಳಿ ಉಕ್ಕನ್ನು ಮುಟ್ಟದಂತೆ ತಡೆಯುತ್ತದೆ. ಎರಡನೆಯದು ಇನ್ನೂ ಮುಖ್ಯ. ಲೇಪನದ ಮೇಲೆ ಗೀರು ಬಿದ್ದು ಉಕ್ಕು ಹೊರಗೆ ಕಂಡರೂ, ಸುತ್ತಲಿನ ಸತು ಉಕ್ಕಿಗಿಂತ ಮೊದಲು ತಾನು ಸವೆದು ಅದನ್ನು ಕಾಪಾಡುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ. ಬಣ್ಣ ಹೋದಲ್ಲಿ ತುಕ್ಕು ಶುರುವಾಗುತ್ತದೆ, ಬಣ್ಣದ ಅಡಿಯಲ್ಲೇ ಹರಡುತ್ತದೆ.

ಆದರೆ ತಾನು ಸವೆದು ಕಾಪಾಡುವ ವಸ್ತು ಒಂದಲ್ಲ ಒಂದು ದಿನ ಮುಗಿಯಲೇಬೇಕು. ಆ ದಿನ ಯಾವಾಗ ಬರುತ್ತದೆ ಎಂಬುದು ಎರಡೇ ಸಂಗತಿಗಳ ಲೆಕ್ಕ: ಸತುವಿನ ಪದರ ಎಷ್ಟು ದಪ್ಪ, ಮತ್ತು ಆ ಊರಿನ ಗಾಳಿ ವರ್ಷಕ್ಕೆ ಅದರಲ್ಲಿ ಎಷ್ಟನ್ನು ತಿನ್ನುತ್ತದೆ.

ಒಂದೇ ಹೆಸರು, ಹತ್ತು ಪಟ್ಟು ವ್ಯತ್ಯಾಸ

ತಗಡಿನ ಮೇಲಿನ ಸತುವನ್ನು ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 275 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ತಗಡಿನ ಎರಡೂ ಬದಿ ಸೇರಿ 275 ಗ್ರಾಂ ಸತು. ಒಂದು ಬದಿಗೆ ಲೆಕ್ಕ ಹಾಕಿದರೆ ಪದರದ ದಪ್ಪ ಸುಮಾರು 19 ಮೈಕ್ರಾನ್. 80 ಜಿಎಸ್‌ಎಂ ತಗಡಿನಲ್ಲಿ ಅದು ಆರು ಮೈಕ್ರಾನ್ ಕೂಡ ಇರುವುದಿಲ್ಲ. ಇನ್ನೊಂದೆಡೆ, ದಪ್ಪ ಉಕ್ಕಿನ ಕಂಬ, ಕೋನಗಳನ್ನು ಕತ್ತರಿಸಿ, ರಂಧ್ರ ಕೊರೆದು, ಆಮೇಲೆ ಇಡಿಯಾಗಿ ಸತುವಿನಲ್ಲಿ ಮುಳುಗಿಸಿದರೆ ಭಾರತೀಯ ಮಾನಕ ಐಎಸ್ 4759ರ ಪ್ರಕಾರ ಪ್ರತಿ ಬದಿಗೆ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ಬರಬೇಕು. ಆರು ಮೈಕ್ರಾನಿನದ್ದೂ ಜಿಐ, 85 ಮೈಕ್ರಾನಿನದ್ದೂ ಜಿಐ. ಹೊಸದರಲ್ಲಿ ಎರಡೂ ಬೆಳ್ಳಿಯಂತೆ ಹೊಳೆಯುತ್ತವೆ.

ಇನ್ನು ಗಾಳಿಯ ಲೆಕ್ಕ. ಅಂತಾರಾಷ್ಟ್ರೀಯ ಮಾನಕ ಐಎಸ್ಒ 9223 ವಾತಾವರಣವನ್ನು ದರ್ಜೆಗಳಾಗಿ ವಿಂಗಡಿಸಿದೆ. ಮಾಲಿನ್ಯ ಕಡಿಮೆ ಇರುವ ಒಳನಾಡಿನ ಊರಿನಲ್ಲಿ ವರ್ಷಕ್ಕೆ ಕರಗುವ ಸತು 0.7 ಮೈಕ್ರಾನಿನ ಒಳಗೆ. ಕರಾವಳಿಯಲ್ಲಿ ಅಥವಾ ಮಾಲಿನ್ಯ ಹೆಚ್ಚಿರುವ ಕೈಗಾರಿಕಾ ಪ್ರದೇಶದಲ್ಲಿ ಅದು 2.1ರಿಂದ 4.2 ಮೈಕ್ರಾನ್. ಅಲೆಯ ತುಂತುರು ತಲುಪುವಷ್ಟು ಹತ್ತಿರದಲ್ಲಿ 4.2ರಿಂದ 8.4 ಮೈಕ್ರಾನ್.

ಈ ಎರಡನ್ನೂ ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 275 ಜಿಎಸ್‌ಎಂ ತಗಡಿನ ಸತು ಒಳನಾಡಿನ ಊರಿನಲ್ಲಿ 25 ವರ್ಷ ದಾಟಬಲ್ಲದು. ಅದೇ ತಗಡು ಉಡುಪಿಯಲ್ಲೋ ರತ್ನಾಗಿರಿಯಲ್ಲೋ ನಾಲ್ಕೂವರೆಯಿಂದ ಒಂಬತ್ತು ವರ್ಷದಲ್ಲಿ ಸತು ಕಳೆದುಕೊಳ್ಳುತ್ತದೆ. 80 ಜಿಎಸ್‌ಎಂ ತಗಡಾದರೆ ಕರಾವಳಿಯಲ್ಲಿ ಎರಡು ಮೂರು ಮಳೆಗಾಲಕ್ಕೇ ಸತು ಖಾಲಿ. ಅಲ್ಲಿಂದ ಮುಂದೆ ಉಳಿಯುವುದು ಬರೀ ಕಬ್ಬಿಣ. 85 ಮೈಕ್ರಾನಿನ ಲೇಪನ ಇದೇ ಕರಾವಳಿಯಲ್ಲಿ 20ರಿಂದ 40 ವರ್ಷ ತಡೆಯಬಲ್ಲದು. ಆದರೆ ಅಲೆ ತುಂತುರಿನ ಅಂಚಿನಲ್ಲಿ ಅದೂ 10ರಿಂದ 20 ವರ್ಷಕ್ಕೆ ಇಳಿಯುತ್ತದೆ. ಅಂಥ ಜಾಗಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಸತುವಿನ ಮೇಲೆ ಒಳ್ಳೆಯ ಬಣ್ಣ ಬೇಕು ಎನ್ನುವ ವಾದಕ್ಕೆ ಆಧಾರ ಇದೇ.

ಉಳಿತಾಯ ಎಷ್ಟು, ನಷ್ಟ ಯಾರಿಗೆ?

ಸತು ಉಕ್ಕಿಗಿಂತ ನಾಲ್ಕೈದು ಪಟ್ಟು ದುಬಾರಿ. ಕಡಿಮೆ ಸತು ಹಾಕುವ ಆಸೆ ಹುಟ್ಟುವುದು ಅಲ್ಲಿಂದ. ಸತುವಿನ ದರ ಕಿಲೋಗೆ 250ರಿಂದ 300 ರೂಪಾಯಿ ಎಂದು ಹಿಡಿದರೆ, 275ರ ಬದಲು 80 ಜಿಎಸ್‌ಎಂ ತಗಡಿನಲ್ಲಿ ಉಳಿಯುವ 195 ಗ್ರಾಂ ಸತುವಿನ ಬೆಲೆ ಚದರ ಮೀಟರಿಗೆ ಸುಮಾರು 50ರಿಂದ 60 ರೂಪಾಯಿ. ನಲವತ್ತು ಚದರ ಮೀಟರಿನ ಒಂದು ಸಣ್ಣ ಚಾವಣಿಗೆ ಈ ವ್ಯತ್ಯಾಸ ಎರಡು ಸಾವಿರ ರೂಪಾಯಿಯ ಆಸುಪಾಸು.

ಎರಡು ಸಾವಿರ ರೂಪಾಯಿ ಉಳಿಸಿದವರು ಕೆಲವೇ ವರ್ಷಗಳಲ್ಲಿ ಶೀಟು, ಸ್ಕ್ರೂ, ಕೂಲಿ, ಸಾಗಣೆ ಎಲ್ಲವನ್ನೂ ಮತ್ತೆ ತೆರಬೇಕಾಗುತ್ತದೆ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು, ಮತ್ತೊಮ್ಮೆ ಹಣ ಹೊಂದಿಸುವ ಶಕ್ತಿ ಇಲ್ಲದವರ ಮೇಲೆ. ಉತ್ತರ ಕರ್ನಾಟಕದಿಂದ ಬಂದು ಪುಣೆಯ ಕಟ್ಟಡ ಕೆಲಸದಲ್ಲಿರುವ ಕುಟುಂಬದ ಪತ್ರಾಸ್ ಶೆಡ್ಡಿಗೂ, ಮೀನುಗಾರರ ಮನೆಗೂ, ದನದ ಕೊಟ್ಟಿಗೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮುಂಬಯಿಯಲ್ಲಿ ದುಡಿದು ಊರಿನ ಟೆರೇಸ್ ಮನೆಗೆ ಮಳೆಗಾಲದ ಮುನ್ನ ಶೀಟು ಹಾಕಿಸುವ ಕರಾವಳಿಯವರ ಸಂಖ್ಯೆಯೂ ದೊಡ್ಡದು. ಅವರಲ್ಲಿ ಅನೇಕರು ಫೋನಿನಲ್ಲೇ ವ್ಯವಹಾರ ಮುಗಿಸುತ್ತಾರೆ. ಚದರಡಿಗೆ ಎಷ್ಟು, ಶೀಟು ಎಷ್ಟು ದಪ್ಪ, ಯಾವ ಬಣ್ಣ ಎಂಬುದು ಮಾತಿನಲ್ಲಿ ಬರುತ್ತದೆ. ಜಿಎಸ್‌ಎಂ ಬರುವುದಿಲ್ಲ. ಬಣ್ಣದ ಶೀಟಿನಲ್ಲಂತೂ ಸತು ಬಣ್ಣದ ಅಡಿಯಲ್ಲೇ ಇರುವುದರಿಂದ ನೋಡಿ ತಿಳಿಯುವ ಮಾತೇ ಇಲ್ಲ.

ಅಲ್ಯೂಮಿನಿಯಂ-ಸತು ಲೇಪನದ ಶೀಟುಗಳು ಈಗ ಮಾರುಕಟ್ಟೆಯಲ್ಲಿ ಹೆಚ್ಚುತ್ತಿವೆ. ಈ ಲೇಪನದಲ್ಲಿ ಶೇ 55ರಷ್ಟು ಅಲ್ಯೂಮಿನಿಯಂ ಇರುತ್ತದೆ. ಅಷ್ಟೇ ದಪ್ಪದ ಬರೀ ಸತುವಿಗಿಂತ ಕಡಲಗಾಳಿಯನ್ನು ಇದು ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಆದರೆ ಕತ್ತರಿಸಿದ ಅಂಚು, ಗೀರುಗಳಲ್ಲಿ ಉಕ್ಕನ್ನು ಕಾಪಾಡುವ ಗುಣ ಸತುವಿನಷ್ಟಿಲ್ಲ. ಇಲ್ಲಿಯೂ ಜಿಎಸ್‌ಎಂ ಕೇಳದೆ ಕೊಂಡರೆ ಹೆಸರಿಗೆ ಬೆಲೆ ಕೊಟ್ಟಂತಾಗುತ್ತದೆ.

ದೊಡ್ಡ ಗ್ರಾಹಕರು ಅಳೆಯುತ್ತಾರೆ

ಉದ್ಯಮಕ್ಕೆ ಈ ಲೆಕ್ಕ ಹೊಸದಲ್ಲ. ವಿದ್ಯುತ್ ಪ್ರಸರಣ ಗೋಪುರ, ರೈಲು ಮಾರ್ಗದ ವಿದ್ಯುತ್ ಕಂಬ, ಹೆದ್ದಾರಿ ಬದಿಯ ತಡೆಬೇಲಿ, ಕಾರ್ಖಾನೆಯ ಕೇಬಲ್ ಟ್ರೇ, ಏರ್ ಕಂಡಿಷನಿಂಗ್ ಕೊಳವೆ, ಧಾನ್ಯದ ಸೈಲೋ, ದಿಲ್ಲಿ-ಹೈದರಾಬಾದ್‌ನ ಕಿಟಕಿಗಳಲ್ಲಿ ಬೇಸಿಗೆಗೆ ಗಡಗಡ ಎನ್ನುವ ಕೂಲರ್ ಪೆಟ್ಟಿಗೆ – ಎಲ್ಲವೂ ಸತು ಲೇಪಿತ ಉಕ್ಕನ್ನೇ ಅವಲಂಬಿಸಿವೆ. ಪುಣೆ ಬಳಿಯ ಚಾಕಣ್, ಚೆನ್ನೈ ಬಳಿಯ ಒರಗಡಂನಂಥ ಕಡೆ ತಯಾರಾಗುವ ಕಾರುಗಳ ಹೊರಮೈಯಲ್ಲೂ ಸತು ಲೇಪಿತ ತಗಡಿನ ಪಾಲಿದೆ.

ಈ ಗ್ರಾಹಕರಲ್ಲಿ ದೊಡ್ಡವರು ‘ಜಿಐ ಕೊಡಿ’ ಎಂದು ಬಾಯಿಮಾತಿನಲ್ಲಿ ಕೇಳುವುದಿಲ್ಲ. ಗೋಪುರದ ಬಿಡಿಭಾಗ ಕಾರ್ಖಾನೆಯಿಂದ ಹೊರಡುವ ಮುನ್ನ ಪರೀಕ್ಷೆ ನಡೆಯುತ್ತದೆ. ಗೇಜ್ ಇಟ್ಟು ಮೈಕ್ರಾನ್ ಅಳೆಯುತ್ತಾರೆ. ಮಾದರಿಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಒಂದೊಂದು ನಿಮಿಷ ಮತ್ತೆ ಮತ್ತೆ ಮುಳುಗಿಸಿ ನೋಡುವ ಪರೀಕ್ಷೆಯೂ ಇದೆ. ಸತು ತೆಳುವಾದ ಕಡೆ ಉಕ್ಕಿನ ಮೇಲೆ ಕೆಂಪು ತಾಮ್ರ ಕೂರುತ್ತದೆ, ದೋಷ ಎದ್ದು ಕಾಣುತ್ತದೆ. ಐಎಸ್ 2633 ಈ ಪರೀಕ್ಷೆಯನ್ನೇ ವಿವರಿಸುತ್ತದೆ. ಕಾರು ಕಂಪನಿಗಳು ಬಿಡಿಭಾಗಗಳನ್ನು ಉಪ್ಪುನೀರಿನ ಮಂಜಿನಲ್ಲಿಟ್ಟು ಪರೀಕ್ಷಿಸುತ್ತವೆ.

ಅಂದರೆ ದೇಶದಲ್ಲಿ ಮಾನಕದ ಕೊರತೆ ಇಲ್ಲ. ಸತು ಲೇಪಿತ ತಗಡಿಗೆ ಐಎಸ್ 277 ಇದೆ, ಅದಕ್ಕೆ ಐಎಸ್ಐ ಗುರುತು ಕಡ್ಡಾಯ. ಲೋಹದ ಕೊರತೆಯೂ ಇಲ್ಲ. ರಾಜಸ್ಥಾನದ ಭೀಲ್ವಾಡಾ ಜಿಲ್ಲೆಯ ರಾಂಪುರಾ ಅಗುಚಾ ಜಗತ್ತಿನ ಬಹುದೊಡ್ಡ ಸತು ಗಣಿಗಳಲ್ಲಿ ಒಂದು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕು ಸ್ಥಾವರಗಳಲ್ಲೊಂದು ಇದೆ. ಕೊರತೆ ಇರುವುದು ಕೊನೆಯ ಕೊಂಡಿಯಲ್ಲಿ. ಸುರುಳಿಯಾಗಿ ಕಾರ್ಖಾನೆಯಿಂದ ಬಂದ ತಗಡನ್ನು ಡೀಲರ್ ಕತ್ತರಿಸಿ, ಅಲೆಯಾಕಾರಕ್ಕೆ ಒತ್ತಿ ಮಾರುವ ಹೊತ್ತಿಗೆ ಸುರುಳಿಯ ಜೊತೆ ಬಂದ ಪರೀಕ್ಷಾ ಪತ್ರ ಗ್ರಾಹಕರ ಕೈಗೆ ಸಿಗುವುದು ಅಪರೂಪ.

ಸೌರ ಚಾವಣಿಯ 25 ವರ್ಷದ ಭರವಸೆ

ಈ ಕೊನೆಯ ಕೊಂಡಿ ಈಗ ಹಿಂದೆಂದಿಗಿಂತ ಮುಖ್ಯವಾಗಲು ಒಂದು ಕಾರಣ ಸೌರಶಕ್ತಿ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಚಾವಣಿಯ ಮೇಲೆ ಸೌರಫಲಕ. ಯೋಜನೆಯ ಒಟ್ಟು ಗಾತ್ರ 75,021 ಕೋಟಿ ರೂಪಾಯಿ. ಮನೆಯೊಂದಕ್ಕೆ ಕೇಂದ್ರದ ಸಹಾಯಧನ ಗರಿಷ್ಠ 78,000 ರೂಪಾಯಿ. ಫಲಕಗಳು 25 ವರ್ಷ ವಿದ್ಯುತ್ ಕೊಡುತ್ತವೆ ಎಂಬ ಲೆಕ್ಕದ ಮೇಲೆ ಜನ ಸಾಲ ಮಾಡಿ ಹಣ ಹೂಡುತ್ತಿದ್ದಾರೆ.

ಫಲಕ 25 ವರ್ಷ ಬಾಳಬೇಕಾದರೆ ಅದನ್ನು ಹೊತ್ತ ಉಕ್ಕಿನ ಚೌಕಟ್ಟೂ 25 ವರ್ಷ ನಿಲ್ಲಬೇಕು. ದೊಡ್ಡ ಟೆಂಡರುಗಳಲ್ಲಿ ಚೌಕಟ್ಟಿಗೆ ಕನಿಷ್ಠ 80 ಮೈಕ್ರಾನ್ ಸತು ಲೇಪನ ಇರಬೇಕೆಂಬ ಷರತ್ತು ಸಾಮಾನ್ಯ. ಮನೆಮನೆಯ ಕೆಲಸದಲ್ಲಿ ಕಥೆ ಬೇರೆ ಆಗುವ ಅಪಾಯವಿದೆ. ಪೇಟೆಯಲ್ಲಿ ಸಿಗುವ ಮೊದಲೇ ಸತು ಲೇಪಿಸಿದ ತೆಳು ಚೌಕ ಪೈಪುಗಳನ್ನು ತಂದು, ಚಾವಣಿಯ ಮೇಲೆಯೇ ಕತ್ತರಿಸಿ, ವೆಲ್ಡಿಂಗ್ ಮಾಡಿ ಚೌಕಟ್ಟು ನಿಲ್ಲಿಸುವುದು ಸುಲಭ, ಅಗ್ಗ. ಆದರೆ ಸತು 907 ಡಿಗ್ರಿಯಲ್ಲಿ ಕುದಿದು ಆವಿಯಾಗುವ ಲೋಹ. ವೆಲ್ಡಿಂಗ್ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಪ್ರತಿಯೊಂದು ಬೆಸುಗೆಯ ಸುತ್ತ ಸತು ಸುಟ್ಟುಹೋಗುತ್ತದೆ. ಆ ಹೊಗೆ ಸೇವಿಸಿದ ವೆಲ್ಡರ್‌ಗೆ ಸಂಜೆ ಜ್ವರ, ಮೈಕೈ ನೋವು ಬರುವುದೂ ಉಂಟು. ಸುಟ್ಟ ಜಾಗಕ್ಕೆ ಬಳಿಯುವ ಸಿಲ್ವರ್ ಪೇಂಟ್ ನೋಡಲು ಸತುವಿನಂತೆಯೇ ಇದ್ದರೂ ಅದು ಅಲ್ಯೂಮಿನಿಯಂ ಬಣ್ಣ. ಸತುವಿನಂತೆ ತಾನು ಸವೆದು ಉಕ್ಕನ್ನು ಕಾಯುವುದಿಲ್ಲ. ಬಳಿಯಬೇಕಾದದ್ದು ಸತುವಿನ ಪುಡಿ ಹೆಚ್ಚಿರುವ ವಿಶೇಷ ಬಣ್ಣ. ಎಲ್ಲಕ್ಕಿಂತ ಉತ್ತಮ ದಾರಿ ಎಂದರೆ ಚೌಕಟ್ಟಿನ ಭಾಗಗಳನ್ನು ಕತ್ತರಿಸಿ, ಕೊರೆದು, ಬೆಸೆದು ಮುಗಿಸಿದ ಮೇಲೆಯೇ ಸತುವಿನಲ್ಲಿ ಮುಳುಗಿಸಿ, ಚಾವಣಿಯ ಮೇಲೆ ಬರೀ ಬೋಲ್ಟಿನಿಂದ ಜೋಡಿಸುವುದು.

ಸೂರ್ಯಘರ್ ಘಟಕಗಳಿಗೆ ಅಳವಡಿಸಿದ ಕಂಪನಿ ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ತೆಳು ಸತುವಿನ ಚೌಕಟ್ಟು ಒಳನಾಡಿನಲ್ಲಿ ಈ ಐದು ವರ್ಷವನ್ನು ಸಲೀಸಾಗಿ ದಾಟುತ್ತದೆ. ತುಕ್ಕು ತಲೆ ಎತ್ತುವುದು ಆಮೇಲೆ. ಗಾಳಿಮಳೆಗೆ ಚೌಕಟ್ಟು ಸಡಿಲವಾಗಿ ಫಲಕ ಹಾರಿದರೆ ಆಗ ಜವಾಬ್ದಾರಿ ಪೂರ್ತಿಯಾಗಿ ಮನೆಯವರದ್ದು, ಅಪಾಯ ಕೆಳಗೆ ಓಡಾಡುವವರದ್ದು.

ಸುಂಕ ಬಂತು, ಗುಣಮಟ್ಟ?

ಅಗ್ಗದ ಆಮದಿನಿಂದ ದೇಶೀ ಉಕ್ಕು ಉದ್ಯಮವನ್ನು ರಕ್ಷಿಸಲು ಕೇಂದ್ರ ಸರ್ಕಾರ 2025ರ ಏಪ್ರಿಲ್ 21ರಂದು ಕೆಲವು ಬಗೆಯ ಚಪ್ಪಟೆ ಉಕ್ಕಿನ ಮೇಲೆ 200 ದಿನಗಳ ಮಟ್ಟಿಗೆ ಶೇ 12ರ ತಾತ್ಕಾಲಿಕ ಸುರಕ್ಷತಾ ಸುಂಕ ವಿಧಿಸಿತು. ವರ್ಷದ ಕೊನೆಯಲ್ಲಿ ಅದನ್ನು ಮೂರು ವರ್ಷದ ಸುಂಕವಾಗಿ ಮುಂದುವರಿಸಲಾಯಿತು: ಮೊದಲ ವರ್ಷ ಶೇ 12, ಎರಡನೇ ವರ್ಷ ಶೇ 11.5, ಮೂರನೇ ವರ್ಷ ಶೇ 11. ಸತು ಲೇಪಿತ ಮತ್ತು ಬಣ್ಣ ಲೇಪಿತ ತಗಡುಗಳೂ ಇದರ ವ್ಯಾಪ್ತಿಯಲ್ಲಿವೆ.

ದೊಡ್ಡ ಉಕ್ಕು ಕಂಪನಿಗಳಿಗೆ ಇದು ನೆಮ್ಮದಿ ತಂದಿದೆ. ತಗಡನ್ನು ಕೊಂಡು ಪೈಪು, ಪೆಟ್ಟಿಗೆ, ಶೆಡ್ಡು ಮಾಡುವ ಸಣ್ಣ ಘಟಕಗಳಿಗೆ ಕಚ್ಚಾ ಮಾಲು ತುಟ್ಟಿಯಾಗುವ ಚಿಂತೆ. ಸುಂಕ ಸರಿಯೋ ತಪ್ಪೋ ಎಂಬ ಚರ್ಚೆ ಈ ಎರಡು ಗುಂಪುಗಳ ನಡುವೆ ನಡೆದಿದೆ. ಅದರಲ್ಲಿ ಮೂರನೆಯವರ ಮಾತು ಕೇಳಿಸುತ್ತಿಲ್ಲ. ತಗಡಿನ ಬೆಲೆ ಏರಿದಾಗ ಮಾರುವವರ ಮುಂದೆ ಎರಡು ದಾರಿ ಇರುತ್ತವೆ. ಒಂದು, ಬೆಲೆ ಏರಿಸಿ ಗ್ರಾಹಕರನ್ನು ಕಳೆದುಕೊಳ್ಳುವುದು. ಇನ್ನೊಂದು, ಬೆಲೆ ಹಾಗೇ ಇಟ್ಟು ಕಣ್ಣಿಗೆ ಕಾಣದ್ದನ್ನು ತೆಳುಗೊಳಿಸುವುದು. ಶೀಟಿನ ದಪ್ಪವನ್ನು ಕೈಯಲ್ಲಿ ಹಿಡಿದು ಅಂದಾಜಿಸಬಹುದು. ಸತುವಿನ ದಪ್ಪವನ್ನು ಅಂದಾಜಿಸಲಾಗದು. ಆಮದು ತಡೆದು ದೇಶೀ ಮಾಲಿಗೆ ಮಾರುಕಟ್ಟೆ ಒದಗಿಸುವ ಸರ್ಕಾರ, ಆ ಮಾಲಿನ ಮೇಲೆ ಏನು ಬರೆದಿರಬೇಕು ಎಂಬುದನ್ನೂ ಕಟ್ಟುನಿಟ್ಟು ಮಾಡುವುದು ನ್ಯಾಯ.

ಮಾಡಬೇಕಾದದ್ದೇನು?

ಇದಕ್ಕೆ ಹೊಸ ಕಾನೂನಿಗಿಂತ ಇರುವ ವ್ಯವಸ್ಥೆಯನ್ನು ಕೊನೆಯ ಗ್ರಾಹಕರವರೆಗೆ ತಲುಪಿಸುವ ಕೆಲಸ ಬೇಕಾಗಿದೆ. ಕತ್ತರಿಸಿ ಮಾರುವ ಪ್ರತಿ ಶೀಟಿನ ಮೇಲೂ, ಬಿಲ್ಲಿನ ಮೇಲೂ ಜಿಎಸ್‌ಎಂ ನಮೂದು ಕಡ್ಡಾಯವಾದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಸುಳ್ಳು ನಮೂದಿಸಿದರೆ ಗ್ರಾಹಕರ ವೇದಿಕೆಗೆ ಹೋಗಲು ಕೈಯಲ್ಲಿ ದಾಖಲೆ ಇರುತ್ತದೆ. ಸರ್ಕಾರಿ ವಸತಿ ಯೋಜನೆ, ಶಾಲಾ ಶೆಡ್ಡು, ಬಸ್ ತಂಗುದಾಣಗಳ ಟೆಂಡರಿನಲ್ಲಿ ‘ಜಿಐ ಶೀಟು’ ಎಂದಷ್ಟೇ ಬರೆದು ಬಿಡುವ ಬದಲು ಒಳನಾಡಿಗೆ ಇಷ್ಟು, ಕರಾವಳಿಗೆ ಇಷ್ಟು ಎಂದು ಬೇರೆ ಬೇರೆ ಅಳತೆ ಬರೆಯಬೇಕು. ಕಲಬುರಗಿಗೂ ಕಾರವಾರಕ್ಕೂ ಒಂದೇ ತಗಡು ಸಾಲದು.

ಅಲ್ಲಿಯವರೆಗೆ ಕೊಳ್ಳುವವರು ಕೇಳಬಹುದಾದ ಪ್ರಶ್ನೆಗಳು ಕೆಲವೇ:

• ಶೀಟು ಅಥವಾ ಪೈಪಿನ ಸತು ಎಷ್ಟು ಜಿಎಸ್‌ಎಂ? ಅದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?
• ಐಎಸ್ಐ ಗುರುತು ಮತ್ತು ಕಾರ್ಖಾನೆಯ ಪರೀಕ್ಷಾ ಪತ್ರದ ಪ್ರತಿ ಸಿಗುತ್ತದೆಯೇ?
• ಚೌಕಟ್ಟನ್ನು ಬೆಸುಗೆ ಮುಗಿಸಿದ ಮೇಲೆ ಸತುವಿನಲ್ಲಿ ಮುಳುಗಿಸಲಾಗಿದೆಯೇ, ಅಥವಾ ಲೇಪಿಸಿದ ಪೈಪನ್ನು ತಂದು ಬೆಸೆಯಲಾಗುತ್ತದೆಯೇ?
• ನಟ್ಟು, ಬೋಲ್ಟು, ಸ್ಕ್ರೂಗಳ ಲೇಪನ ಶೀಟಿನಷ್ಟೇ ಬಾಳಿಕೆಯದ್ದೇ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿಲ್ಲ. ಚಾವಣಿಗಳಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಸ್ಕ್ರೂ ಸುತ್ತ ಮತ್ತು ಶೀಟುಗಳು ಒಂದರ ಮೇಲೊಂದು ಕೂರುವ ಜಾಗದಲ್ಲಿ. ಮಾಲ್ವಣದ ಪತ್ರವೂ ಎಚ್ಚರಿಸಿದ್ದು ನಟ್ಟು-ಬೋಲ್ಟುಗಳ ಬಗ್ಗೆಯೇ.

ಸೌರ ಚಾವಣಿಯ ವಿಷಯದಲ್ಲಿ ಸುಧಾರಣೆ ಇನ್ನೂ ಸುಲಭ. ಘಟಕ ಅಳವಡಿಸಿದ ಮೇಲೆ ವಿದ್ಯುತ್ ಕಂಪನಿಯ ಸಿಬ್ಬಂದಿ ಪರಿಶೀಲನೆಗೆ ಬಂದೇ ಬರುತ್ತಾರೆ. ಅವರ ವರದಿ ಸೇರಿದ ಮೇಲೆಯೇ ಸಹಾಯಧನ ಬಿಡುಗಡೆಯಾಗುತ್ತದೆ. ಲೇಪನದ ದಪ್ಪ ಅಳೆಯುವ ಗೇಜ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು; ಉಕ್ಕಿಗೆ ತಾಗಿಸಿದರೆ ಕ್ಷಣದಲ್ಲಿ ಮೈಕ್ರಾನ್ ತೋರಿಸುತ್ತದೆ. ವರದಿಯ ನಮೂನೆಗೆ ಒಂದು ಕಾಲಂ ಸೇರಿಸಿ, ಚೌಕಟ್ಟಿನ ನಾಲ್ಕು ಕಡೆ ಅಳೆದು ಬರೆಯುವಂತೆ ಮಾಡಿದರೆ ಮನೆಯೊಂದಕ್ಕೆ ಹಿಡಿಯುವುದು ಐದು ನಿಮಿಷ. ಆ ಐದು ನಿಮಿಷ ಉಳಿಸಿದ್ದರ ಲೆಕ್ಕ ಹತ್ತು ವರ್ಷದ ಬಳಿಕ ಚಾವಣಿಯ ಮೇಲೆ ಕಾಣುತ್ತದೆ. ಆಗ ಅದನ್ನು ತೀರಿಸುವವರು ಮನೆಯವರು ಮಾತ್ರ.